ಉಳಿದ ಕೈಯ ಉಗುರು

ಟೀಚರಮ್ಮನ ಕತ್ತು ಸದಾ ಸ್ವಲ್ಪ ಮುಂದಕ್ಕೆ ಬಾಗಿರುತ್ತಿತ್ತು, ಸೂಜಿಗೆ ದಾರ ಪೋಣಿಸುತ್ತಿರುವವರ ಹಾಗೆ. ಕೋಲಾರದ ಮಿಷನ್ ಶಾಲೆಯಲ್ಲಿ ನನಗೂ ಅಣ್ಣನಿಗೂ ಹೊಲಿಗೆ ಕಲಿಸಿದವರು ಅವರು.

ಗಡಿಯಲ್ಲಿ ಯುದ್ಧ ನಡೆದ ದಿನಗಳಲ್ಲಿ ಅವರ ಚರ್ಚಿನ ಎಂಟು ಜನ ಪ್ರತಿ ಭಾನುವಾರ ಆರಾಧನೆ ಮುಗಿಸಿ, ಟವೆಲ್, ಸೋಪು, ಬಿಸ್ಕತ್ತು ಕಟ್ಟಿಕೊಂಡು ಬೆಂಗಳೂರಿನ ಸೇನಾ ಆಸ್ಪತ್ರೆಗೆ ಹೋಗುತ್ತಿದ್ದರು. ಗಾಯಗೊಂಡ ಸೈನಿಕರ ಉಗುರು ತೆಗೆಯುವುದು ಟೀಚರಮ್ಮನ ಪಾಲಿನ ಕೆಲಸ.

"ಯೇಸು ಶಿಷ್ಯರ ಕಾಲು ತೊಳೆದ್ರು ಕಣಮ್ಮಾ. ನಾನು ಉಗುರಾದ್ರೂ ತೆಗೀಬಾರ್ದಾ?" ಅನ್ನುತ್ತಿದ್ದರು.

ಕೇಳಿದವರಿಗೆ ಮಾತ್ರ ಪ್ರಾರ್ಥನೆ, ಅದೂ ಎರಡೇ ಮಾತು. ಒಂದು ಭಾನುವಾರ ಎಣಿಸಿ ಡೈರಿಯಲ್ಲಿ ಬರೆದಿದ್ದೇನೆ: ಉಗುರು ತೆಗೆದದ್ದು ಮೂವತ್ತೊಂದು ಜನರಿಗೆ, ಪ್ರಾರ್ಥನೆ ಕೇಳಿದವರು ನಾಲ್ವರು. ಮೂವತ್ತೊಂದು ಮಂಚಗಳ ಪಕ್ಕದಲ್ಲೂ ಅವರು ಮೊಣಕಾಲೂರಿ ಕೂತಿದ್ದರು.

ಸೇನೆಯಲ್ಲಿದ್ದ ಅಣ್ಣನೂ ಆ ವಾರ್ಡಿನಲ್ಲೇ ಇದ್ದ, ಅವನನ್ನು ನೋಡಿಕೊಳ್ಳಲು ನಾನು ಜೊತೆಗಿದ್ದೆ. ಅವನ ಬಲಗೈ ಹೋಗಿತ್ತು. ವೇಮಗಲ್‌ನಲ್ಲಿದ್ದ ಅಮ್ಮನಿಗೆ ಸಣ್ಣ ಗಾಯ ಅಂತಷ್ಟೇ ಹೇಳಿದ್ದೆವು. ನಿಜ ಹೇಳಕೂಡದೆಂದು ಅಣ್ಣ ನನ್ನಿಂದ ಆಣೆ ಹಾಕಿಸಿಕೊಂಡಿದ್ದ. ಹತ್ತೊಂಬತ್ತು ದಿನಗಳಲ್ಲಿ ಅಮ್ಮ ಅವನಿಗೆ ಐವತ್ತೇಳು ಸಲ ಫೋನ್ ಮಾಡಿದ್ದಳು. ಅವನು ಒಂದನ್ನೂ ಎತ್ತಲಿಲ್ಲ.

ಟೀಚರಮ್ಮ ಅವನ ಪಕ್ಕ ಬಂದಾಗ, "ಬೇಡ ಟೀಚರಮ್ಮ, ನಾನೇ ತೆಕ್ಕೋತೀನಿ," ಅಂದ.

"ಹೆಂಗೋ ತೆಕ್ಕೋತೀಯ? ಕಟರ್ ಹಿಡಿಯೋ ಕೈ ಎಲ್ಲಿದೆ?"

ಅಷ್ಟು ನೇರವಾಗಿ ಡಾಕ್ಟರೂ ಮಾತಾಡಿರಲಿಲ್ಲ. ಒಂದು ಕೈ ಹೋದರೆ ಉಳಿದ ಕೈಯ ಉಗುರಿಗೂ ಇನ್ನೊಬ್ಬರು ಬೇಕೆಂಬುದು ನನಗೆ ಹೊಳೆದೇ ಇರಲಿಲ್ಲ. ಅಣ್ಣ ಎಡಗೈಯನ್ನು ನೋಡಿಕೊಂಡ. ಆಮೇಲೆ ಚಾಚಿದ. ಐದು ಬೆರಳು ಮುಗಿಯುವವರೆಗೂ ಅತ್ತ. ಟೀಚರಮ್ಮ ತಲೆ ಎತ್ತಲಿಲ್ಲ.

"ಅಂಗಿ ಗುಂಡಿ ಹಾಕ್ಕೊಳಕ್ಕೂ ಆಗಲ್ಲ. ಅಮ್ಮನಿಗೆ ಹೆಂಗೆ ಹೇಳ್ಲಿ?"

"ಗುಂಡಿ ಕಿತ್ತು ಪ್ರೆಸ್ ಬಟನ್ ಹೊಲಿದುಕೊಡ್ತೀನಿ, ಅದು ನನ್ನ ಕೆಲಸ. ಫೋನ್ ಮಾಡೋದು ನಿಂದು ಕಣೋ."

ಅಂದು ಸಂಜೆಯೇ ಅಣ್ಣ ಅಮ್ಮನಿಗೆ ಫೋನ್ ಮಾಡಿದ. ಹನ್ನೊಂದು ನಿಮಿಷ ಮಾತಾಡಿದರು.

ಹೋದ ತಿಂಗಳು ಟೀಚರಮ್ಮ ತೀರಿಕೊಂಡರು. ಸಮಾಧಿಗೆ ಎಲ್ಲರೂ ಹಿಡಿಮಣ್ಣು ಹಾಕುತ್ತಿದ್ದಾಗ ಅಣ್ಣ ಹಿಂದೆ ಸರಿದು ನಿಂತ. ಎಡಗೈಯಲ್ಲಿ ಹೇಗೆ ಹಾಕುವುದೆಂಬ ಅಳುಕು. ಅಮ್ಮನೇ ಅವನ ಬೆನ್ನಿಗೆ ಕೈಯಿಟ್ಟು ಮುಂದಕ್ಕೆ ನೂಕಿದಳು.

"ಹಾಕೋ ಮಗ. ಆಯಮ್ಮ ಹಿಡ್ಕೊಂಡಿದ್ದು ಅದೇ ಕೈ ಅಲ್ವೇನೋ."