ಸೆನ್ಸರ್ ಮೇಲಿನ ಕುಂಕುಮ

ಈಗಲೂ ಪ್ರೆಸ್ ಮೆಷಿನ್ ಇಳಿಯುವ ಸದ್ದು ಕೇಳಿದರೆ ನನ್ನ ಬಲಗಾಲು ತಾನಾಗಿ ಹಿಂದಕ್ಕೆ ಸರಿಯುತ್ತದೆ. ಆ ದಿನ ಪೆಡಲ್ ತುಳಿದದ್ದು ಅದೇ ಕಾಲು.

ನಾನಾಗ ಹೊಸೂರಿನ ಹತ್ತಿರ, ಸೂಳಗಿರಿಯ ಆಚೆಗಿನ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಪ್ರೊಡಕ್ಷನ್ ಮ್ಯಾನೇಜರ್. ತಗಡನ್ನು ಅಚ್ಚಿಗೆ ಒತ್ತಿ ಕತ್ತರಿಸುವ ಪ್ರೆಸ್ಸುಗಳು ನನ್ನ ಸುಪರ್ದಿಯಲ್ಲಿದ್ದವು. ದಂಡಂ ದಶಗುಣಂ ಎಂದು ಮನಸಾರೆ ನಂಬಿದವನು ನಾನು. ಮೆಷಿನ್ ನಿಂತಿದೆ ಎಂದು ಯಾರಾದರೂ ಬಂದರೆ ಕಾರಣ ಕೇಳುವ ಮೊದಲೇ ಬೈಯುತ್ತಿದ್ದೆ. ಬೈದ ಮೇಲೆ ಅದು ಹೇಗೋ ಓಡುತ್ತಿತ್ತು. ಹೇಗೆ ಎಂದು ಕೇಳುವ ಗೋಜಿಗೆ ಹೋಗುತ್ತಿರಲಿಲ್ಲ.

ಆ ವರ್ಷ ಹೊಸೂರಿನ ಹೋಟೆಲೊಂದರಲ್ಲಿ ಎರಡು ದಿನದ ತರಬೇತಿಗೆ ಕಳಿಸಿದ್ದರು. ತಪ್ಪು ಯಾರದೆಂದು ಹುಡುಕುವ ಮೊದಲು ಯಾವ ವ್ಯವಸ್ಥೆ ಆ ತಪ್ಪು ಮಾಡಿಸಿತು ನೋಡಿ ಎಂದರು ತರಬೇತುದಾರರು. ಕಾರ್ಖಾನೆಯ ಕೆಲಸವನ್ನೆಲ್ಲ ಕಾಗದದ ಮೇಲೆ ವೃತ್ತಗಳಾಗಿ, ಬಾಣಗಳಾಗಿ ಬರೆಸಿದರು. ಚೆನ್ನಾಗಿಯೇ ಬರೆದೆ. ನನ್ನ ಸಿಟ್ಟು ಮಾತ್ರ ಯಾವ ವೃತ್ತದೊಳಗೂ ಇರಲಿಲ್ಲ.

ಆಯುಧಪೂಜೆಗೆ ಮೆಷಿನ್‌ಗಳಿಗೆಲ್ಲ ಗಂಧ, ಕುಂಕುಮ ಇಡುತ್ತಿದ್ದವನು ನಾನೇ. ಮೇಲಿನವರು ಇಟ್ಟ ಕುಂಕುಮವನ್ನು ನಮ್ಮಲ್ಲಿ ಬೇರೆಯವರು ಒರೆಸುವುದಿಲ್ಲ, ಅದು ತಾನಾಗಿ ಉದುರಬೇಕು. ದೊಡ್ಡ ಪ್ರೆಸ್ಸಿಗೆ ಆ ವರ್ಷವಷ್ಟೇ ಎರಡು ಸೆನ್ಸರ್ ಕಂಬ ಹಾಕಿಸಿದ್ದೆವು. ಕಂಬಗಳ ನಡುವಿನ ಕಾಣದ ಬೆಳಕಿಗೆ ಕೈ ಅಡ್ಡ ಬಂದರೆ ಪ್ರೆಸ್ ಇಳಿಯುವುದಿಲ್ಲ. ನಾನು ಭಕ್ತಿ ಹೆಚ್ಚಾಗಿ ಕಂಬದ ಗಾಜಿನ ಮೇಲೆಯೇ ದಪ್ಪಗೆ ಗಂಧ ಬಳಿದು ಕುಂಕುಮ ಇಟ್ಟೆ.

ಹಬ್ಬ ಕಳೆದ ಮರುವಾರ ಮೂವರು ಹೊಸಬರು ಕೆಲಸಕ್ಕೆ ಬಂದರು. ಮೊದಲ ದಿನ ಬೆಳಿಗ್ಗೆಯೇ ಅವರಿಗೆ ಪ್ರೆಸ್ ತೋರಿಸುವಾಗ ಆಪರೇಟರ್ ನೀರು ಕುಡಿಯಲು ಹೋಗಿದ್ದ. ಬೇರೆ ದಿನಗಳಲ್ಲಿ ನನ್ನ ಕೈಯನ್ನೇ ಒಳಗಿಟ್ಟು ಸೆನ್ಸರಿನ ಮಹಿಮೆ ತೋರಿಸುತ್ತಿದ್ದೆ. ಅಂದು ಆ ಹೊಸಬರಲ್ಲಿ ಮೂವತ್ತರ ಆಸುಪಾಸಿನ ಒಬ್ಬ ಹೆಂಗಸು ಹೆದರಿ ಹಿಂದೆ ಸರಿದಳು. ನನಗೆ ರೇಗಿತು. ಅವಳನ್ನೇ ಮುಂದೆ ಕರೆದು, ಕೈ ಒಳಗಿಡು, ನಾನು ಪೆಡಲ್ ತುಳಿಯುತ್ತೇನೆ, ಏನೂ ಆಗುವುದಿಲ್ಲ ಎಂದೆ. ಅವಳು ಇಟ್ಟಳು. ನಾನು ತುಳಿದೆ.

ಅದೇ ಕ್ಷಣಕ್ಕೆ ಆಪರೇಟರ್ ಎಲ್ಲಿಂದ ಓಡಿ ಬಂದನೋ, ಅವಳ ಭುಜ ಹಿಡಿದು ಎಳೆದ. ಅವಳ ಕೈ ಇದ್ದ ಜಾಗಕ್ಕೆ ಪ್ರೆಸ್ ಧಡ್ಡೆಂದು ಇಳಿಯಿತು. ಅವಳ ಬೆರಳುಗಳನ್ನು ಎಣಿಸಿದೆ. ನಂಬಿಕೆ ಬಾರದೆ ಮತ್ತೊಮ್ಮೆ ಎಣಿಸಿದೆ.

ಅಷ್ಟಾದರೂ ನನ್ನ ಬಾಯಿಂದ ಮೊದಲು ಬಂದದ್ದು ಬೈಗುಳವೇ. ಸೆನ್ಸರ್ ಆಫ್ ಮಾಡಿದವನು ಯಾವನು ಎಂದು ಕಿರುಚಿದೆ. ಆಪರೇಟರ್ ಅಲ್ಲೇ ಪಕ್ಕದ ಹಳ್ಳಿಯವನು, ನನಗಿಂತ ಹಿರಿಯ, ಎಂದೂ ಎದುರಾಡಿದವನಲ್ಲ.

“ನೀವಿಕ್ಕಿದ್ ಕುಂಕುಮ ಗಾಜು ಮುಚ್ಕೊಂಡು ಮಿಷಿನ್ ಓಡ್ಲೇ ಇಲ್ಲ ಸಾರ್. ಒರ್ಸಕ್ಕೆ ಯಾರ್ಗೂ ಧೈರ್ಯ ಬರ್ಲಿಲ್ಲ. ನಿಂತೋಗದೆ ಅಂದ್ರೆ ನೀವು ಬೈತೀರಿ. ಅದ್ಕೇ ಕೀ ತಿರುಗ್ಸಿ, ಸೆನ್ಸರ್ ಇಲ್ದಂಗೆ ಓಡಿಸ್ತಿದ್ವಿ.”

ಹಬ್ಬದಿಂದೀಚೆಗೆ ಎರಡೂ ಪಾಳಿಯವರ ಕೈಗಳು ಆ ಪ್ರೆಸ್ಸಿನೊಳಗೆ ಹೋಗಿ ಬಂದಿದ್ದವು. ಪ್ರತಿ ಸಂಜೆ ನಾನು ಉತ್ಪಾದನೆಯ ಬೋರ್ಡು ನೋಡಿ ಖುಷಿಪಟ್ಟಿದ್ದೆ. ದೇವರೇ ತಪ್ಪಾಯಿತು ಎಂದುಕೊಂಡು ಕರವಸ್ತ್ರದಿಂದ ಗಾಜು ಒರೆಸಿದೆ, ಸೆನ್ಸರ್ ಚಾಲೂ ಮಾಡಿ ಕೀ ಕಿತ್ತು ಜೇಬಿಗೆ ಹಾಕಿಕೊಂಡೆ. ಅಲ್ಲಿಗೆ ಸರಿಹೋಯಿತು ಎಂದೂ ಅಂದುಕೊಂಡೆ.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಆ ಹೆಂಗಸು ಊಟ ಮುಟ್ಟದೆ ಕೂತಿದ್ದಳು. ಎದುರಿಗೆ ಕೂತು, ಕೈ ಇಡುವಾಗ ಭಯವಾಗಲಿಲ್ಲವೇನಮ್ಮ ಎಂದು ಕೇಳಿದೆ.

“ಭಯ ಆಯ್ತು ಸಾರ್,” ಎಂದಳು. “ಆದ್ರೆ ನಿಮ್ಗೆ ಇಲ್ಲ ಅನ್ಬಾರ್ದು ಅಂತ ಬೆಳಿಗ್ಗೆ ಗೇಟಲ್ಲೇ ಹೇಳ್ಕೊಟ್ಟಿದ್ರು.”

ಅವಳು ಕೆಲಸಕ್ಕೆ ಸೇರಿ ಆಗಿನ್ನೂ ಐದು ಗಂಟೆಯೂ ಆಗಿರಲಿಲ್ಲ.