ಸಿಪ್ರಿಯನ್ ಬರೆದ ಹೊಸ ಅಧ್ಯಾಯ

ಶಂಕರಪುರದ ಸಿಪ್ರಿಯನ್ ಎಂದರೆ, ಹಿಂದಿನ ಕಾಲದ ದೊಡ್ಡ ಸಾಹಿತಿಯೊಬ್ಬರ ಆತ್ಮಕಥೆಯನ್ನು ಈಗಿನ ಕಾಲಕ್ಕೆ ತಂದು ಕಿರುಕಾದಂಬರಿ ಮಾಡಲು ಹೊರಟ ಆಸಾಮಿ. ಎತ್ತಿನ ಗಾಡಿಯಲ್ಲಿ ತಿರುಗಿದ ಆ ಹಿರಿಯರನ್ನು ಕಟಪಾಡಿಯಲ್ಲಿ ಎಕ್ಸ್‌ಪ್ರೆಸ್ ಬಸ್ಸಿಗೆ ಹತ್ತಿಸಿ, ಕಂಡಕ್ಟರನ ಜೊತೆ ಜಗಳಕ್ಕೂ ನಿಲ್ಲಿಸಿದ್ದಾನೆ. "ಸಾಹಿತಿಗೆ ಅಷ್ಟು ಸಿಟ್ಟು ಉಂಟಾ ಮಾರಾಯ?" ಎಂದು ಕೇಳಿದರೆ, "ಆ ಬಸ್ಸಿನಲ್ಲಿ ಉಡುಪಿವರೆಗೆ ನಿಂತು ಹೋಗಿ ನೋಡಿ, ನಿಮಗೂ ಬರ್ತದೆ" ಎನ್ನುತ್ತಾನೆ. ಬೆಳಗ್ಗೆ ಮಲ್ಲಿಗೆ ಕೊಯ್ಯುತ್ತಲೇ ಕಥೆ ಹೇಳುತ್ತಾನೆ, ಹೆಂಡತಿ ಗ್ಲೋರಿಯಾ ಹೂ ಕಟ್ಟುತ್ತಲೇ ತಪ್ಪು ಹಿಡಿಯುತ್ತಾಳೆ. ಸಾಹಿತಿಯ ಹೆಂಡತಿ ಜ್ವರದಿಂದ ಸಾಯುವ ಅಧ್ಯಾಯಕ್ಕೆ ಬಂದಾಗ ಮಾತ್ರ ಅವನ ಪೆನ್ನು ನಿಂತುಬಿಟ್ಟಿತು, ಏಕೆಂದರೆ ಆಗ ಗ್ಲೋರಿಯಾ ಮಣಿಪಾಲದ ಆಸ್ಪತ್ರೆಯಲ್ಲಿದ್ದಳು. ಅವಳು ಗುಣವಾಗಿ ಮನೆಗೆ ಬಂದ ದಿನವೇ ಅಧ್ಯಾಯ ಮುಗಿಸಿ ಓದಿ ಹೇಳಿದ. "ಪುಸ್ತಕದಲ್ಲಿ ಸತ್ತವರನ್ನು ಎಂತಕ್ಕೆ ಬದುಕಿಸಿದ್ದು?" ಎಂದು ಅವಳು ಗದರಿದಳು. "ಆ ಕಾಲದಲ್ಲಿ ಅಷ್ಟು ದೊಡ್ಡ ಆಸ್ಪತ್ರೆ ಇರಲಿಲ್ಲ, ಈಗ ಉಂಟಲ್ಲ ಮಾರಾಯ್ತಿ! ಅವರೂ ಡಿಸ್ಚಾರ್ಜ್ ಆಗಿ ಮನೆಗೆ ಬರಲಿ."