ಕಾಡಿನ ಕಡೆಗೆ ಸಾಗುವ ತೋಟ

ಬೆಟ್ಟ ಕಡಿದು ಮಟ್ಟಸ ಮಾಡಿ, ಹರಿಯುವ ನೀರನ್ನು ಕೊಳವೆಗೆ ತುರುಕಿ, ಗಿಡಗಳಿಗೆಲ್ಲ ಕತ್ತರಿ ಆಡಿಸಿ, ಆಮೇಲೆ ಅದನ್ನೇ ನಿಸರ್ಗಪ್ರೇಮ ಎನ್ನುವವರ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು. ಹುಬ್ಬಳ್ಳಿಯಲ್ಲಿ ಆರ್ಕಿಟೆಕ್ಚರ್ ಓದುವಾಗ ಇಟಲಿಯ ಹಳೆಯ ವಿಲ್ಲಾ ತೋಟಗಳ ನಕ್ಷೆ ಬರೆದದ್ದೂ ಆ ಸಿಟ್ಟಿನಲ್ಲೇ. ಜರ್ಮನಿ ಆಗ ಸಾಫ್ಟ್‌ವೇರ್‌ನವರಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡ್ ಸಿಕ್ಕ ಗಂಡನ ಜೊತೆ ಹೈಡೆಲ್‌ಬರ್ಗ್‌ಗೆ ಬಂದರೆ, ಅಂಥದೇ ಒಂದು ತೋಟ ನಮ್ಮ ಮನೆಯ ಮೇಲಿನ ಕೋಟೆಯಲ್ಲೇ ಇತ್ತು. ಅವರು ಪಕ್ಕದ ಊರು ವಾಲ್‌ಡಾರ್ಫ್‌ನ ಆಫೀಸಿಗೆ ಹೋಗುತ್ತಿದ್ದರು. ನನಗೆ ಕೆಲಸ ಮಾಡುವ ಪರವಾನಗಿ ಇರಲಿಲ್ಲ, ಹಾಗಾಗಿ ಆ ತೋಟವೇ ನನ್ನ ಆಫೀಸಾಯಿತು.

ಭಾನುವಾರ ಅವರನ್ನೂ ಎಳೆದುಕೊಂಡು ಹೋಗುತ್ತಿದ್ದೆ. ನಮ್ಮ ಮನೆಯೊಡತಿ, ಎಂಬತ್ತು ದಾಟಿದ ಜರ್ಮನ್ ಅಜ್ಜಿ, ಕೋಲೂರಿಕೊಂಡು ಜೊತೆಗೆ ಬರುತ್ತಿದ್ದರು. ಸುಮಾರು ನಾನೂರು ವರ್ಷದ ಹಿಂದೆ ಯುದ್ಧ ಬಂದು ಅರ್ಧಕ್ಕೇ ನಿಂತ ತೋಟ ಅದು. ಉಳಿದದ್ದು ಬೆಟ್ಟಕ್ಕೆ ಆನಿಸಿ ಕಟ್ಟಿದ ಗೋಡೆಗಳು, ಅಗಲವಾದ ಹಂತಗಳು, ಹುಲ್ಲು. ಇಲ್ಲದ್ದನ್ನೆಲ್ಲ ನಾನು ಬಾಯಲ್ಲೇ ಕಟ್ಟುತ್ತಿದ್ದೆ. ಅಂಥ ತೋಟಗಳಲ್ಲಿ ಮನೆಯ ಹತ್ತಿರ ಎಲ್ಲವೂ ಗೆರೆ ಎಳೆದ ಹಾಗೆ, ಚೌಕ ಮಡಿ, ಕತ್ತರಿಸಿದ ಬೇಲಿ. ದೂರ ಹೋದಂತೆ ಬಿಗಿ ಸಡಿಲುತ್ತದೆ. ಕೊನೆಗೆ ನೆಟ್ಟ ಮರಗಳ ತೋಪು, ಅದರಾಚೆ ನಿಜವಾದ ಕಾಡು. ಮನುಷ್ಯನ ಕೈ ಎಲ್ಲಿ ನಿಂತಿತು, ನಿಸರ್ಗ ಎಲ್ಲಿ ಶುರುವಾಯಿತು ಎಂದು ಗೊತ್ತಾಗಬಾರದು. ಜಾಣತನವೆಲ್ಲ ಅದರಲ್ಲೇ ಇದೆ.

"ಅಂದ್ರ, ಊರು ಹೋಗು ಅಂತದ, ಕಾಡು ಬಾ ಅಂತದ," ಎಂದರು ಗಂಡ.

ನಮ್ಮಲ್ಲಿ ಅದು ಸಾವಿಗೆ ಹತ್ತಿರವಾದ ಮುದುಕರ ಬಗ್ಗೆ ಹೇಳುವ ಮಾತು. ಅಜ್ಜಿಯ ಎದುರೇ ಅಂದದ್ದಕ್ಕೆ ನನಗೆ ನಗು ತಡೆಯಲಾಗಲಿಲ್ಲ. ಏನೆಂದು ಅಜ್ಜಿ ಕೇಳಿದಾಗ ಇವರು ಪದಕ್ಕೆ ಪದ ಇಟ್ಟು ಜರ್ಮನ್‌ನಲ್ಲಿ ಹೇಳಿಬಿಟ್ಟರು. ಕಾಡೆಂದರೆ ಜೀವ ಬಿಡುತ್ತಿದ್ದ ಅಜ್ಜಿಗೆ ಅದು ವಾಕಿಂಗ್‌ಗೆ ಕರೆಯುವ ಮಾತಾಗಿ ಕೇಳಿಸಿತು. ಆಮೇಲೆ ಪ್ರತಿ ಭಾನುವಾರ ಬೂಟು ಹಾಕಿಕೊಂಡು ಬಂದು, ನಮ್ಮ ಬಾಗಿಲು ತಟ್ಟಿ ಅದನ್ನೇ ಹೇಳತೊಡಗಿದರು. ನಾವಿಬ್ಬರೂ ಬಾಗಿಲ ಹಿಂದೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಅರ್ಥ ಹೇಳಿಬಿಡೋಣ ಎಂದರೆ ಇವರು ಒಪ್ಪಲಿಲ್ಲ.

"ಬ್ಯಾಡ. ಪಾಪ, ಖುಷೀಲೆ ಇದ್ದಾಳ ಮುದುಕಿ."

ಎರಡನೆಯ ಚಳಿಗಾಲದಲ್ಲಿ ಇವರಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾಯಿತು. ವಸಂತದಲ್ಲಿ ಆಸ್ಪತ್ರೆಯಿಂದ ಮನೆಗೆ ಬಂದರು. ಆ ಭಾನುವಾರವೂ ಅಜ್ಜಿ ಬಾಗಿಲು ತಟ್ಟಿ, ಎಂದಿನಂತೆ ಅದನ್ನೇ ಹೇಳಿ, ತಮ್ಮ ಇನ್ನೊಂದು ಕೋಲನ್ನು ಇವರ ಕೈಗಿತ್ತರು. ಇವರು ನನ್ನ ಮುಖ ನೋಡಿ ನಕ್ಕರು. ನನಗೆ ಅಜ್ಜಿಯ ಮೇಲೆ ಕೆಂಡದಂಥ ಕೋಪ ಬಂತು. ಮೂವತ್ತು ತುಂಬಿ ಬಹಳವಾಗಿರದ ಮನುಷ್ಯನಿಗೆ ಹೇಳುವ ಮಾತೇ ಅದು? ತೋಟದಲ್ಲಿ ಕೆಳಗಿನ ಹಂತ ಮುಗಿಸುವಷ್ಟರಲ್ಲಿ ಇವರಿಗೆ ಉಸಿರು ಸಿಕ್ಕಿಕೊಂಡಿತು. ಇಬ್ಬರನ್ನೂ ಒಂದು ಬೆಂಚಿನ ಮೇಲೆ, ಕಾಡಿಗೆ ಬೆನ್ನು ಮಾಡಿ ಕೂರಿಸಿದೆ.

ಎಲೆ ಉದುರುವ ಹೊತ್ತಿಗೆ ಇವರು ಹೋಗಿಬಿಟ್ಟರು. ಪಕ್ಕದಲ್ಲೇ ಕೂತಿದ್ದರೂ ಆ ಗೆರೆಯನ್ನು ಎಲ್ಲಿ ದಾಟಿದರೆಂದು ನನಗೆ ಗೊತ್ತಾಗಲಿಲ್ಲ.

ಇವರ ಊರು ಧಾರವಾಡದಲ್ಲಿ ಕಾರ್ಯವೆಲ್ಲ ಮುಗಿಸಿ, ಮನೆ ಖಾಲಿ ಮಾಡಲು ಒಬ್ಬಳೇ ವಾಪಸ್ಸು ಬಂದೆ. ಭಾನುವಾರ ಬಾಗಿಲು ತಟ್ಟಿದ ಸದ್ದಾಯಿತು. ಅಜ್ಜಿಯ ಕಣ್ಣು ಅತ್ತು ಕೆಂಪಾಗಿತ್ತು. ನನ್ನನ್ನು ಹೇಗಾದರೂ ಹೊರಗೆ ಕರೆದೊಯ್ಯಬೇಕೆಂದು, ಮೆಲ್ಲಗೆ, ಅದೇ ಮಾತು ಹೇಳಿದರು. ಅಭ್ಯಾಸಬಲದಿಂದ ನಾನು ಬಾಗಿಲ ಹಿಂದಕ್ಕೆ ತಿರುಗಿದೆ. ಆ ಮಾತಿನ ಅರ್ಥ ಗೊತ್ತಿದ್ದವಳು ಆ ಮನೆಯಲ್ಲಿ ಈಗ ನಾನೊಬ್ಬಳೇ.